ಚಾವಡಿಯ ಗೋಡೆಗೆ ಅಕ್ಕವ್ವ ಕೂರಿಸಿದ ಹಿಡಿಕೆ

ಅಕ್ಕವ್ವ ಬಿದ್ದದ್ದು ಒಂದು ಸೋಮವಾರ, ಹತ್ತು ಗಂಟೆಯ ಎಸ್‌ಟಿ ಬಸ್ಸು ಉಟಗಿ ಕಡೆಗೆ ಧೂಳೆಬ್ಬಿಸಿ ಹೋದ ಮೇಲೆ. ಹೊಲಿಗೆ ಮಷಿನ್ನಿನ ಮುಂದಿನಿಂದ ಏಳಬೇಕೆಂದು ಎಂದಿನಂತೆ ಬಲಗೈ ಚಾಚಿ ಗೋಡೆಗಿದ್ದ ಕಬ್ಬಿಣದ ಹಿಡಿಕೆ ಹಿಡಿದಳು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಹಿಡಿಕೆ ಕೈಯಲ್ಲೇ ಬಂತು. ಜೊತೆಗೆ ಊಟದ ತಾಟಿನಷ್ಟು ಅಗಲದ ಸಿಮೆಂಟಿನ ಗಿಲಾವು, ಅದರ ಬೆನ್ನಿಗೆ ಒಂದು ಬುಟ್ಟಿ ಮಣ್ಣು. ಮಣ್ಣೆಂದರೆ ಮಣ್ಣೂ ಅಲ್ಲ, ಗಿರಣಿಯಿಂದ ಈಗಷ್ಟೇ ಬಂದ ಜೋಳದ ಹಿಟ್ಟಿನಂಥದ್ದು. ಮೊಳಕೈ ಒಡೆದು ರಕ್ತ ಬಂತು. ಕುಪ್ಪಸ ಸಡಿಲ ಮಾಡಿಸಲು ಬಂದು ಕೂತಿದ್ದ ಇಂದ್ರಾಬಾಯಿ ಎತ್ತಲು ಕೈಹಾಕಿದರೆ, ಅಕ್ಕವ್ವ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. ಮಷಿನ್ನಿನ ಕಾಲು ಹಿಡಿದು ಕುಂಡಿಯ ಮೇಲೆ ಜರುಗಿ ಗೋಡೆಗೆ ಒರಗಿ ಕೂತಳು. ಮೊದಲು ನೋಡಿದ್ದು ಮೊಳಕೈಯನ್ನಲ್ಲ, ಗೋಡೆಯ ತೂತನ್ನು.

ಉದುರಿದ ಮಣ್ಣಿನಲ್ಲಿ ನಾಲ್ಕು ಪ್ಲಾಸ್ಟಿಕ್ ಗಿಟ್ಟಿಗಳಿದ್ದವು. ಸ್ಕ್ರೂ ಬಿಗಿಯಾಗಿ ಕೂರಲೆಂದು ತೂತಿನೊಳಗೆ ತುರುಕುವ ಬೆರಳುದ್ದದ ಕೊಳವೆಗಳು ಅವು. ಗಿಟ್ಟಿ ಸಡಿಲವಾದದ್ದಕ್ಕೆ ಸುತ್ತ ಒತ್ತಿದ್ದ ಬೆಂಕಿಕಡ್ಡಿಗಳಿದ್ದವು. ಮಡಚಿದ ಮರಾಠಿ ಪೇಪರಿನ ಒಂದು ಚೂರೂ ಇತ್ತು.

“ನೋಡ್ರಿ ಇಂದ್ರಾಬಾಯಿ, ಮಹಾಂತನ ಕಾರಾಗೀರಿ,” ಅಂದಳು ಅಕ್ಕವ್ವ, ಹಿಡಿಕೆ ಕೂರಿಸಿದವನನ್ನು ನೆನೆದು. “ಗ್ವಾಡಿಗೆ ಪೇಪರ್ ಓದಾಕ ಕೊಟ್ಟಾನ.”

ಅಕ್ಕವ್ವನಿಗೆ ನಲವತ್ತಾರು ವರ್ಷ. ಕುರಿ ಕಾಯುತ್ತಿದ್ದ ವಿಠೋಬನ ಹಿರಿಯ ಮಗಳು. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಒಣಗಿದ ದಂಟಾಯಿತು. ನಿಂತರೆ ಬಗಲಿಗೆ ಕೋಲು ಕೊಟ್ಟು ಊರೆಲ್ಲ ಸುತ್ತುತ್ತಾಳೆ, ಕೂತರೆ ಬಲಗಾಲೊಂದರಲ್ಲೇ ಮಷಿನ್ ತುಳಿಯುತ್ತಾಳೆ. ತೊಂದರೆ ಇರುವುದು ಕೂತಲ್ಲಿಂದ ಏಳುವುದರಲ್ಲಿ. ಗಟ್ಟಿಯಾದದ್ದೇನಾದರೂ ಕೈಗೆ ಸಿಕ್ಕರೆ ತಾನೇ ಎದ್ದು ನಿಲ್ಲುತ್ತಾಳೆ. ಸಿಗದಿದ್ದರೆ ಯಾರಾದರೂ ಬಗಲಿಗೆ ಕೈಹಾಕಿ ಜೋಳದ ಚೀಲ ಎತ್ತಿದ ಹಾಗೆ ಎತ್ತಬೇಕು. ಹೀಗೆ ಎತ್ತಿಸಿಕೊಂಡು ಎತ್ತಿಸಿಕೊಂಡು ಹುಡುಗಿಯಾಗಿದ್ದಾಗಲೇ ಅವಳಿಗೆ ಸಾಕಾಗಿಹೋಗಿತ್ತು. ಎತ್ತಿದವರು ಕೆಳಗಿಳಿಸುವಾಗ ಒಂದು ಮಾತು ಆಡದೆ ಇಳಿಸುವುದಿಲ್ಲ.

ಚಾವಡಿಯ ಪಡುವಣ ಕೋಣೆ ಅವಳಿಗೆ ಬಂದದ್ದೂ ಯಾರೋ ಕರೆದು ಕೊಟ್ಟು ಬಂದದ್ದಲ್ಲ. ಹದಿನೇಳು ವರ್ಷದ ಕೆಳಗೆ ಆ ಕೋಣೆಯಲ್ಲಿ ಮುರಿದ ಕುರ್ಚಿ, ಇಲಿ ತಿಂದ ಮತದಾರರ ಪಟ್ಟಿ ಬಿದ್ದಿದ್ದವು. ಕೋಣೆ ಕೇಳಿ ಕೊಟ್ಟ ಮೂರು ಅರ್ಜಿಗಳು ಎಲ್ಲಿ ಹೋದವೋ ತಿಳಿಯದಾದಾಗ, ತಮ್ಮ ತಾನಾಜಿಯ ಚಕ್ಕಡಿಯಲ್ಲಿ ಮಷಿನ್ ಹೇರಿಸಿಕೊಂಡು ಬಂದು ಚಾವಡಿಯ ಬಾಗಿಲಿಗೆ ಅಡ್ಡ ಕೂತಳು. ಹನ್ನೊಂದು ದಿನ ಅಲ್ಲೇ ಲಂಗ ಹೊಲಿದಳು. ಆಗಿನ ಸರಪಂಚನಿಗೆ ಒಳಗೆ ಹೋಗಬೇಕಾದರೆ ಲಂಗಗಳ ರಾಶಿ ದಾಟಿ ಹೋಗಬೇಕಿತ್ತು. ಹನ್ನೆರಡನೆಯ ದಿನ ಗ್ರಾಮಸಭೆ ಕೂಡಿ ಠರಾವು ಮಾಡಿತು: ಅಕ್ಕವ್ವ ಹೊಲಿಗೆ ಮಾಡುವಷ್ಟು ಕಾಲ ಕೋಣೆ ಅಕ್ಕವ್ವನದು.

ಆ ಕೋಣೆಗೆ ಮೊದಲು ಕಟ್ಟಿಗೆಯ ಬಾಗಿಲಿತ್ತು. ತೊಲೆಯಷ್ಟು ದಪ್ಪನೆಯ ಚೌಕಟ್ಟು. ಅದಕ್ಕೆ ಬಡಿದ ಹಿಡಿಕೆ ಹದಿನೇಳು ವರ್ಷ ಅವಳನ್ನು ದಿನಕ್ಕೆ ಇಪ್ಪತ್ತು ಸಲ ಎಬ್ಬಿಸಿತ್ತು. ದೀಪಾವಳಿಗೆ ಪಂಚಾಯತಿಯವರು ಚೌಕಟ್ಟು ಕಿತ್ತು ಶಟರ್ ಹಾಕಿದರು. ಹಿಡಿಕೆಯನ್ನು ಪಕ್ಕದ ಗೋಡೆಗೆ ಕೂರಿಸಿ ಕೊಟ್ಟವನು ಮಹಾಂತ. ಈಗಿನ ಸರಪಂಚ ಶಂಕರೆಪ್ಪನ ಅಕ್ಕನ ಮಗ, ಊರಿನ ವಾಯರಿಂಗ್ ಕೆಲಸದವನು. ಕೈಯಲ್ಲಿ ಡ್ರಿಲ್ ಮಷಿನ್ ಇದ್ದರೆ ಮುಂದಿರುವುದು ಗೋಡೆಯೋ ಗುಡ್ಡವೋ ಅವನು ನೋಡುವುದಿಲ್ಲ. ಅವತ್ತು ಡ್ರಿಲ್ಲನ್ನು ಬಡಿಯುವ ಚಾಲಿಗೆ ಹಾಕಿ ಗಡಗಡ ಎನಿಸಿದ. ಬೆರಳುಗಾತ್ರದ ತೂತು ಬೇಕಿತ್ತು, ಹೆಬ್ಬೆಟ್ಟು ಹೋಗುವಷ್ಟು ಆಯಿತು. ಗಿಟ್ಟಿ ಅಲ್ಲಾಡಿದ್ದಕ್ಕೆ ಕಡ್ಡಿ ಒತ್ತಿದ, ಕಡ್ಡಿ ಅಲ್ಲಾಡಿದ್ದಕ್ಕೆ ಪೇಪರ್ ಒತ್ತಿದ, ಮೇಲೆ ಬಿಳಿ ಸಿಮೆಂಟು ಬಳಿದ. ನೋಡಲು ಮದುವೆ ಮನೆಯ ಗೋಡೆಯಷ್ಟು ಚೆಂದ ಕಂಡಿತು. ಹದಿನೈದು ದಿನ ನಿಂತಿತು.

ಬಿದ್ದದ್ದು ಸೋಮವಾರವಾದರೆ ಬುಧವಾರ ನೋಟಿಸು ಬಂತು. ತಂದವನು ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕ ರಾಜಕುಮಾರ. ಅವಳ ಮುಖ ನೋಡದೆ, ಗೋಡೆಯ ತೂತು ನೋಡುತ್ತ ಕೊಟ್ಟ. ಊರಿನ ಮಾತು ಕನ್ನಡ, ಸರಕಾರದ ಮಾತು ಮರಾಠಿ. ಮರಾಠಿಯಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಇಮಾರತಿನ ಗೋಡೆ ಧೋಕಾದಾಯಕ, ಅಂದರೆ ಅಪಾಯಕಾರಿಯಾಗಿದೆ, ತಮ್ಮ ಜೀವದ ಸುರಕ್ಷತೆಗಾಗಿ ಎಂಟು ದಿನದೊಳಗೆ ಕೋಣೆ ಖಾಲಿ ಮಾಡತಕ್ಕದ್ದು. ಠರಾವಿದ್ದವಳನ್ನು ಸುಮ್ಮನೆ ಹೊರಗೆ ಹಾಕಲು ಬರುವುದಿಲ್ಲ. ಅವಳ ಜೀವದ ಮೇಲೆ ಪ್ರೀತಿ ಹುಟ್ಟಿಸಿಕೊಂಡರೆ ಬರುತ್ತದೆ. ಸರಕಾರ ಎಂಬುದು ಬಡವರನ್ನು ಪ್ರೀತಿಸತೊಡಗಿತೆಂದರೆ ಗಂಟುಮೂಟೆ ಗಟ್ಟಿ ಹಿಡಿದುಕೊಳ್ಳಬೇಕು. ಇದು ಅಕ್ಕವ್ವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೋಣೆ ಯಾರಿಗೆ ಎಂಬುದನ್ನು ಸಂಜೆಯೊಳಗೆ ಇಂದ್ರಾಬಾಯಿ ತಿಳಿದುಕೊಂಡು ಬಂದಳು. ಮಹಾಂತ ಅಲ್ಲಿ ಆನ್‌ಲೈನ್ ಸೇವಾ ಕೇಂದ್ರ ಹಾಕುವವನಿದ್ದ. ತಾಲೂಕಿನ ಊರು ಜತ್ತದಲ್ಲಿ ಬೋರ್ಡಿಗೆ ಹೇಳಿಟ್ಟೂ ಆಗಿತ್ತು.

ಕೋಲೂರಿಕೊಂಡು ಅಕ್ಕವ್ವ ಆಫೀಸಿಗೆ ನಡೆದಳು. ದೂರವೇನಿಲ್ಲ, ಅದೇ ಚಾವಡಿಯ ಮೂಡಣ ಕೋಣೆ. ಶಂಕರೆಪ್ಪ ಚಹಾ ಕುಡಿಯುತ್ತಿದ್ದ. ಕೆಟ್ಟ ಮನುಷ್ಯನೆಂದು ಅವನನ್ನು ಯಾರೂ ಅನ್ನುವುದಿಲ್ಲ. ಅಕ್ಕನಿಗೆ ಕೊಟ್ಟ ಮಾತು, ಅಳಿಯನ ಹಟ, ಮುಂದಿನ ಚುನಾವಣೆ ಈ ಮೂರರ ನಡುವೆ ಸಿಕ್ಕಿಬಿದ್ದ ಮನುಷ್ಯ. ಮಾತು ಮಾತ್ರ ಬೆಣ್ಣೆ.

“ಬಾ ಅಕ್ಕವ್ವಾ, ಕುಂದ್ರು. ನಿನ್ನ ಒಳ್ಳೇದಕ್ಕ ಕೊಟ್ಟೀವಿ ನೋಟಿಸು. ನಾಳಿ ಗ್ವಾಡಿ ಮೈಮ್ಯಾಲ ಬಿದ್ರ ಯಾರು ಜವಾಬ್ದಾರ?”

“ಕುಂದ್ರಂಗಿಲ್ರಿ. ಕುಂತ್ರ ನೀವ ಎಬ್ಬಸ್ಬೇಕಾಗ್ತದ,” ಅಂದಳು ಅಕ್ಕವ್ವ. ಆಮೇಲೆ ನಿಂತಲ್ಲೇ ನಿಂತು ಷರತ್ತು ಇಟ್ಟಳು. “ಎಂಟ ದಿನ ನಿಮ್ಮ ಕಾಗದದಾಗ ಅದ. ಆ ಎಂಟ ದಿನದಾಗ ಅದ ಗ್ವಾಡ್ಯಾಗ ಹಿಡಿಕಿ ನಿಂದ್ರಸ್ತೀನಿ. ಇಂಜಿನೇರನ್ನ ಕರಸ್ರಿ, ಜಗ್ಗಿ ನೋಡ್ಲಿ. ಕಿತ್ತ ಬಂದ್ರ ನಾ ನನ್ನ ಮಷಿನ್ ಹೊತಗೊಂಡ ಹೋಗ್ತೀನಿ. ಬರ್ಲಿಲ್ಲಂದ್ರ ಮತ್ತ ನನ್ನ ಜೀವದ ಸುದ್ದಿ ತಗೀಬಾರ್ದು.”

ಅಲ್ಲಿದ್ದ ಮೂರ್ನಾಲ್ಕು ಮಂದಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಹಾಂತ, ಬೇಕಾದರೆ ನನ್ನ ಡ್ರಿಲ್ ಮಷಿನ್ ಕೊಡುತ್ತೇನೆ ಅತ್ತಿ, ಅಂದ. ಅವನ ದನಿಯಲ್ಲಿ ನಗು ಇತ್ತು.

“ಬ್ಯಾಡಪಾ. ನಿನ್ನ ಮಷಿನ್ ಒಮ್ಮಿ ಗ್ವಾಡಿಗೆ ಭೇದಿ ಹಚ್ಚ್ಯದ. ಸಾಕದು.”

ಈ ಸಲ ನಕ್ಕವರು ಮಹಾಂತನ ಕಡೆ ನೋಡಿ ನಕ್ಕರು. ಶಂಕರೆಪ್ಪನೂ ಚಹಾದ ಬಸಿಯ ಹಿಂದೆ ಮೀಸೆ ಅಡಗಿಸಿದ. ಸೋಲು ಅವಳದೇ ಎಂದು ಅವನಿಗೆ ಖಾತ್ರಿಯಿತ್ತು. ಆಗಲಿ ಎಂದು ಒಪ್ಪಿಬಿಟ್ಟ. ಮುಂದಿನ ಗುರುವಾರ ತಾಲೂಕಿನಿಂದ ಇಂಜಿನಿಯರ್ ಬರುವುದೆಂದು ನಿಕ್ಕಿಯಾಯಿತು.

ಷರತ್ತು ಇಟ್ಟದ್ದೇನೋ ಸರಿ. ಗೋಡೆಗೆ ಹೇಗೆ ಹಿಡಿಕೆ ಕೂರಿಸಬೇಕೆಂಬುದು ಆ ಗಳಿಗೆಯಲ್ಲಿ ಅವಳಿಗೆ ಗೊತ್ತಿರಲಿಲ್ಲ. ಕೋಣೆಗೆ ಮರಳಿ ಶಟರ್ ಅರ್ಧ ಇಳಿಸಿ, ಕತ್ತರಿಯ ಹಿಡಿಯಿಂದ ಗೋಡೆಯನ್ನು ಒಂದು ತುದಿಯಿಂದ ಕುಟ್ಟುತ್ತ ಹೊರಟಳು. ಕೆಲವು ಕಡೆ ಡಬ್ ಡಬ್ ಎಂದು ಹಲಗೆ ಬಾರಿಸಿದ ಸದ್ದು ಬಂತು, ಅಲ್ಲಿ ಗಿಲಾವು ಹಿಂದಿನ ಗೋಡೆಯ ಕೈಬಿಟ್ಟಿದೆ. ಕೆಲವು ಕಡೆ ಟಣ್ ಎಂದಿತು, ಅಲ್ಲಿ ಹಿಂದೆ ಕಲ್ಲಿದೆ. ಟಣ್ ಎಂದಲ್ಲೆಲ್ಲ ಚಾಕ್‌ಪೀಸಿನಿಂದ ಗೆರೆ ಎಳೆದಳು. ಬಟ್ಟೆಯ ಮೇಲೆ ಅಳತೆ ಗುರುತು ಹಾಕುವ ಚಾಕ್‌ಪೀಸು ಅದು. ತಾಸಿನೊಳಗೆ ಗೋಡೆಯ ಒಳಗಿನ ಕಲ್ಲುಗಳೆಲ್ಲ ಹೊರಗೆ ಮೂಡಿ ನಿಂತವು, ಅಂಗಿಯ ತುಂಡುಗಳನ್ನು ನೆಲಕ್ಕೆ ಹಾಸಿದ ಹಾಗೆ.

ಆಗ ಅವಳಿಗೆ ಗೋಡೆಯ ಗುಟ್ಟು ಕಂಡಿತು. ಹಳೆಯ ಚಾವಡಿ, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ. ಈಚೆಗೊಂದು ಕಲ್ಲಿನ ಸಾಲು, ಆಚೆಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು ತುಂಬಿದ್ದು. ಕಲ್ಲು ಇವತ್ತಿಗೂ ಕಲ್ಲೇ. ಹಿಟ್ಟಾಗಿರುವುದು ನಡುವಿನ ಮಣ್ಣು. ಹತ್ತು ವರ್ಷದ ಕೆಳಗೆ ಪಂಚಾಯತಿಯವರು ಅದರ ಮೇಲೆ ಬೆರಳು ದಪ್ಪ ಸಿಮೆಂಟು ಬಳಿದು ಹೊಸ ಗೋಡೆ ಎಂದು ಫೋಟೋ ತೆಗೆಸಿಕೊಂಡಿದ್ದರು. ಮಹಾಂತನ ಸ್ಕ್ರೂ ಹಿಡಿದುಕೊಂಡಿದ್ದು ಆ ತೊಗಲನ್ನು ಮಾತ್ರ. ಎಲುಬಿನ ತನಕ ಅದು ಹೋಗೇ ಇರಲಿಲ್ಲ.

ಮಣ್ಣಿಗೆ ಗೂಟ ನಿಲ್ಲದ ಕಷ್ಟ ಅವಳಿಗೆ ಹೊಸದಲ್ಲ. ಹುಡುಗಿಯಾಗಿದ್ದಾಗ ಅಪ್ಪನ ಕುರಿಗಳ ಹಿಂದೆ ಕತ್ತೆಯ ಮೇಲೆ ಕೂತು ಕೃಷ್ಣಾ ದಂಡೆಯ ತನಕ ಹೋಗುತ್ತಿದ್ದಳು. ನಡೆಯಲಾಗದವಳಿಗೆ ಬೀಡಿನಲ್ಲಿ ಕೂತು ಮಾಡುವ ಕೆಲಸ: ಮರಿಗಳ ಬಲೆ ಕಟ್ಟುವುದು, ಹಗ್ಗ ಬಿಗಿಯುವುದು, ಟಗರು ಕಟ್ಟುವುದು. ಹೊಸದಾಗಿ ನೇಗಿಲು ಹೊಡೆದ ಎರೆಹೊಲದಲ್ಲಿ ಕುರಿ ಕೂರಿಸಿದರೆ, ನೆಟ್ಟ ಗೂಟ ಎಷ್ಟೇ ಉದ್ದದ್ದಿರಲಿ, ಟಗರು ಎರಡು ಸಲ ಜಗ್ಗಿದರೆ ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂದುಬಿಡುತ್ತಿತ್ತು. ಅಂಥ ಕಡೆ ವಿಠೋಬ ಗೂಟವನ್ನು ನೆಡುತ್ತಿರಲಿಲ್ಲ. ಮೊಳ ಆಳದ ಕುಣಿ ತೋಡಿ, ಗೂಟದ ನಡುವಿಗೆ ಹಗ್ಗ ಕಟ್ಟಿ, ಅದನ್ನು ಅಡ್ಡ ಮಲಗಿಸಿ, ಮೇಲೆ ಹೆಂಟೆ ತುಂಬಿ ತುಳಿಯುತ್ತಿದ್ದ. ಹೊರಗೆ ಹಗ್ಗವಷ್ಟೇ ಕಾಣುತ್ತಿತ್ತು. ಟಗರು ಜಗ್ಗಿದರೆ ಗೂಟಕ್ಕೆ ಮೇಲೇಳಲು ದಾರಿ ಇಲ್ಲ. ಇಡೀ ಕುಣಿಯ ಮಣ್ಣನ್ನೇ ಎತ್ತಿಕೊಂಡು ಏಳಬೇಕು. ಯಾವ ಟಗರಿಗೂ ಅಷ್ಟು ಸೊಕ್ಕಿರಲಿಲ್ಲ.

ಕುರಿಯ ಗೂಟ ನೆನಪಾದ ಮೇಲೆ ಉಳಿದದ್ದು ದರ್ಜಿಯ ಲೆಕ್ಕ. ಅಂಗಿಯ ಗುಂಡಿ ಕಾಜಾದೊಳಗೆ ಓರೆಯಾಗಿ ತೂರುತ್ತದೆ, ಆಚೆಗೆ ಹೋಗಿ ಅಡ್ಡ ಮಲಗುತ್ತದೆ, ಜಗ್ಗಿದರೆ ಬರುವುದಿಲ್ಲ. ಗೋಡೆಗೂ ಒಂದು ಗುಂಡಿ ಬೇಕು. ಎರಡು ಕಲ್ಲುಗಳ ನಡುವಿನ ಸಂದೇ ಕಾಜಾ. ಕಟ್ಟಿಗೆಯ ಗಿಟ್ಟಿ ಸಂದಿನಲ್ಲಿ ಉದ್ದಕ್ಕೆ ಒಳಹೋಗಿ, ತಿರುಗಿ, ಕಲ್ಲುಗಳ ಬೆನ್ನಿಗೆ ಅಡ್ಡ ಕೂತರೆ ಆಯಿತು.

ಗುರುವಾರ ತಾನಾಜಿ ಬಂದ. ಅಕ್ಕ ಹೇಳಿಕಳಿಸಿದ ಹಾಗೆ ಜಾಲಿಯ ತುಂಡು ತಂದಿದ್ದ. ಅಂದೇ ಕಡಿದದ್ದು, ಸಿಗಿದಲ್ಲಿ ಅಂಟು ಒಸರುತ್ತಿತ್ತು. ಅಕ್ಕವ್ವ ಉಗುರಿನಿಂದ ಒತ್ತಿ ನೋಡಿ ಅದನ್ನು ಹೊರಗೆ ಎಸೆದಳು.

“ಹಸಿ ಕಟ್ಟಿಗಿ ತಂದೀಯಲ್ಲೋ ತಾನ್ಯಾ. ಒಣಗಿ ಸಣ್ಣಾಗ್ತದ, ಸುತ್ತ ಸಂದ ಬಿಡ್ತದ. ಹಟ್ಟಿ ಬಾಗಲಕ್ಕ ಒಂದ ಹಳೀ ಗೂಟ ಇತ್ತಲ್ಲ, ಅದ ತಾ.”

ತಾನಾಜಿ ಕಾಲಿನಿಂದ ನೆಲ ಕೆದರಿದ. ಅದು ಅಪ್ಪ ಹಾಕಿದ ಗೂಟ, ಇಪ್ಪತ್ತೈದು ವರ್ಷದ್ದು, ಅಪ್ಪ ಹೋದ ಮೇಲೂ ಅದನ್ನು ಯಾರೂ ಮುಟ್ಟಿಲ್ಲ ಎಂದು ಹೇಳಿದ. ಮುಟ್ಟದೆ ಇದ್ದದ್ದಕ್ಕೇ ಚೆನ್ನಾಗಿ ಒಣಗಿದೆ, ತಾ ಎಂದಳು ಅಕ್ಕವ್ವ. ಸಂಜೆ ತಂದ. ಅವಳು ಗರಗಸ ಹಚ್ಚುವಾಗ ಅವನು ಮುಖ ತಿರುಗಿಸಿ ಬೀಡಿ ಸೇದಿದ. ಒಣ ಜಾಲಿಯ ಒಳಗಿನ ಕೆಂಪು ಕಟ್ಟಿಗೆ, ಗರಗಸದ ಹಲ್ಲು ಬಿಸಿಯಾದವು. ಎರಡು ಗಿಟ್ಟಿ ಕೆತ್ತಿದಳು. ಒಂದೊಂದು ಗೇಣುದ್ದ. ಹಿಂದಿನ ತುದಿಯಲ್ಲಿ ಐದು ಬೆರಳು ಅಗಲ, ಮೂರು ಬೆರಳು ದಪ್ಪದ ತಲೆ, ಮುಂದೆ ಮೂರು ಬೆರಳಿನ ಚೌಕ ಕುತ್ತಿಗೆ. ಕುತ್ತಿಗೆಯ ಸುತ್ತ ಸಣ್ಣ ಮೊಳೆಗಳನ್ನು ಅರ್ಧರ್ಧ ಹೊಡೆದಳು, ಸಿಮೆಂಟು ಕಚ್ಚಿಕೊಳ್ಳಲೆಂದು.

ಶುಕ್ರವಾರ ಗೋಡೆಗೆ ಕೈಹಾಕಿದಳು. ಡ್ರಿಲ್ ಇಲ್ಲ, ದೊಡ್ಡ ಸುತ್ತಿಗೆಯೂ ಇಲ್ಲ. ಗುದ್ದಿದರೆ ಗಟ್ಟಿ ಇರುವುದೂ ಸಡಿಲವಾಗುತ್ತದೆ. ಸಡಿಲ ಗಿಲಾವನ್ನೆಲ್ಲ ಮೊದಲು ಕೆರೆದು ಬೀಳಿಸಿದಳು, ಡಬ್ ಎನ್ನುವುದೆಲ್ಲ ಹೋಗುವ ತನಕ. ಆಮೇಲೆ ಗುರುತು ಮಾಡಿದ್ದ ಎರಡು ಸಂದುಗಳಲ್ಲಿ ಉಳಿಯಿಂದ ಮೆಲ್ಲಗೆ ಮಣ್ಣು ಬಿಡಿಸಿದಳು. ಬಾಯಿ ಚಿಕ್ಕದು, ನಿಂತ ಸೀಳಿನಂತೆ. ಒಳಗೆ ಹೋದಂತೆ ಅಗಲ. ಕಲ್ಲಿನ ಬೆನ್ನು ಬೆರಳಿಗೆ ಸಿಗುವ ತನಕ ಮಣ್ಣು ತೆಗೆದಳು. ಇಂದ್ರಾಬಾಯಿ ತನ್ನ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೀನು ಗೋಡೆಗೆ ಹಲ್ಲು ಕೀಳುತ್ತಿದ್ದೀಯೋ ಹಲ್ಲು ಕಟ್ಟುತ್ತಿದ್ದೀಯೋ ಎಂದು ಕೇಳಿದಳು. ಕೀಳದೆ ಕಟ್ಟಲು ಬರುವುದಿಲ್ಲ, ಸೈಕಲ್ ಪಂಪು ಕೊಡ್ರಿ, ಅಂದಳು ಅಕ್ಕವ್ವ.

ಪಂಪಿಗೆ ರಬ್ಬರು ಕೊಳವೆ ಸಿಕ್ಕಿಸಿ ತೂತಿನೊಳಗೆ ಗಾಳಿ ಹೊಡೆದಳು. ಧೂಳು ಬರುವುದು ನಿಲ್ಲುವ ತನಕ ಹೊಡೆದಳು. ಧೂಳಿನ ಮೇಲೆ ಹಾಕಿದ ಸಿಮೆಂಟು ಧೂಳನ್ನೇ ಹಿಡಿದುಕೊಳ್ಳುತ್ತದೆ, ಗೋಡೆಯನ್ನಲ್ಲ. ನೀರು ಚಿಮುಕಿಸಿ ಒಳಗೆಲ್ಲ ನೆನೆಸಿದಳು. ಒಣ ಮಣ್ಣು ಸಿಮೆಂಟಿನ ನೀರು ಕುಡಿದುಬಿಟ್ಟರೆ ಸಿಮೆಂಟು ಬೂದಿಯಾಗುತ್ತದೆ. ಗಿಟ್ಟಿಯನ್ನೂ ನೀರಿನಲ್ಲಿ ಅದ್ದಿದಳು. ಒಂದು ಪಾಲು ಸಿಮೆಂಟು, ಎರಡು ಪಾಲು ತೊಳೆದ ಉಸುಕು, ನೀರು ಮುದ್ದೆ ಕಟ್ಟಲು ಬೇಕಾದಷ್ಟೇ. ಒಳಗೆ ಒಂದಿಷ್ಟು ಮೆತ್ತಿ, ಗಿಟ್ಟಿಯ ತಲೆಯನ್ನು ಸೀಳಿನಲ್ಲಿ ಉದ್ದಕ್ಕೆ ತೂರಿಸಿ, ಕಾಲು ಸುತ್ತು ತಿರುಗಿಸಿದಳು. ಒಳಗೆ ತಲೆ ಎರಡು ಕಲ್ಲುಗಳ ಬೆನ್ನಿಗೆ ಅಡ್ಡ ಕೂತ ಸದ್ದು ಕೇಳಿಸಿತು. ತಾನಾಜಿ ಜಗ್ಗಿ ನೋಡಿದ. ಬರಲಿಲ್ಲ. ಇನ್ನೂ ಸಿಮೆಂಟು ತುಂಬಿಯೇ ಇರಲಿಲ್ಲ. ಅಲ್ಲಿಯತನಕ ಇವಳ ಹುಚ್ಚಾಟ ಎಂಬಂತೆ ನೋಡುತ್ತಿದ್ದವನು ಬೀಡಿ ಎಸೆದು, ತಾನೇ ಕೂತು ಚೂರುಗಲ್ಲು ಆರಿಸಿ ಕೊಡತೊಡಗಿದ. ಸುತ್ತ ಕಲ್ಲುಚೂರು, ಸಿಮೆಂಟು, ಮತ್ತೆ ಕಲ್ಲುಚೂರು ಎಂದು ಒತ್ತಿ ಒತ್ತಿ ತುಂಬಿದರು. ಕುತ್ತಿಗೆಯ ಮುಖ ಗೋಡೆಯ ಮುಖಕ್ಕೆ ಸಮನಾಯಿತು.

ಮುಂದಿನ ಐದು ದಿನ ಕೆಲಸವಿರಲಿಲ್ಲ, ಕಾಯುವುದಿತ್ತು. ಒದ್ದೆ ಗೋಣಿಯ ತುಂಡು ಇಳಿಬಿಟ್ಟು ಮುಂಜಾನೆ ಮಧ್ಯಾಹ್ನ ಸಂಜೆ ನೀರು ಹಾಕಿದಳು. ಹಿಡಿಕೆ ಇಲ್ಲದ ಆ ದಿನಗಳಲ್ಲಿ ಅವಳು ಮಷಿನ್ನಿಗೆ ಕೂತರೆ ಸಂಜೆ ತಾನಾಜಿ ಬರುವ ತನಕ ಏಳುತ್ತಿರಲಿಲ್ಲ. ನೀರು ಹಾಕಬೇಕಾದರೆ ಕೂತಲ್ಲಿಂದಲೇ ಚೊಂಬಿನಿಂದ ಎರಚುತ್ತಿದ್ದಳು. ಬೇರೆಯವರಿಂದ ಎತ್ತಿಸಿಕೊಳ್ಳುವ ಪ್ರಸಂಗ ಬರಬಾರದೆಂದು ತಾನು ನೀರು ಕುಡಿಯುವುದನ್ನು ಬಿಟ್ಟಳು. ಇದನ್ನು ಯಾರಿಗೂ ಹೇಳಲಿಲ್ಲ. ಇಂದ್ರಾಬಾಯಿಗೆ ಗೊತ್ತಾಯಿತು, ಅವಳೂ ಹೇಳಲಿಲ್ಲ. ಚಹಾ ತರುವುದನ್ನು ನಿಲ್ಲಿಸಿದಳು, ಅಷ್ಟೇ.

ಮಂಗಳವಾರ ಮಹಾಂತ ಟೇಪು ಹಿಡಿದುಕೊಂಡು ಬಂದ. ಕೌಂಟರಿನ ಅಳತೆ ತೆಗೆದುಕೊಳ್ಳಬೇಕಿತ್ತಂತೆ. ಅಕ್ಕವ್ವ ಬೇಡವೆನ್ನಲಿಲ್ಲ. ಟೇಪಿನ ಒಂದು ತುದಿ ತಾನೇ ಹಿಡಿದಳು.

“ಬರಕೋ ಮಹಾಂತಾ, ಹನ್ನೊಂದ ಫೂಟ ನಾಕ ಇಂಚ. ನಿನ್ನ ನಡಾ ನಲವತ್ತೆರಡ, ಅದನ್ನೂ ಬರಕೋ. ಗುರುವಾರ ನೀನ ಜೋತ ಬೀಳಾಂವ.”

ಜೋತು ಬೀಳುವುದೇನೆಂದು ಅವನಿಗೆ ತಿಳಿಯಲಿಲ್ಲ. ಟೇಪು ಸುತ್ತಿಕೊಂಡು ಹೋದ.

ಗುರುವಾರ ಮುಂಜಾನೆ ಗಿಟ್ಟಿಯ ಮುಖಕ್ಕೆ ಬೈರಿಗೆಯಿಂದ ಸ್ಕ್ರೂವಿಗಿಂತ ಸಣ್ಣ ತೂತು ಕೊರೆದಳು, ಕಟ್ಟಿಗೆ ಸೀಳಬಾರದೆಂದು. ಸ್ಕ್ರೂಗಳಿಗೆ ಬಟ್ಟೆ ಸಾಬೂನು ಸವರಿದಳು. ತುದಿಗೆರಡರಂತೆ ನಾಲ್ಕು ಸ್ಕ್ರೂ, ಬೆರಳುದ್ದದವು. ಒಣ ಜಾಲಿಯೊಳಗೆ ಅವು ಕಿರ್ರ್ ಎನ್ನುತ್ತ, ಒಂದೊಂದು ಸುತ್ತಿಗೂ ಜಗಳ ಆಡುತ್ತ ಒಳಹೋದವು. ಕೊನೆಯ ಸುತ್ತಿಗೆ ಅವಳ ಅಂಗೈ ಸುಲಿಯಿತು. ಹಿಡಿಕೆ ಹಿಡಿದು ಎದ್ದಳು. ಕೂತಳು. ಮತ್ತೆ ಎದ್ದಳು. ಹತ್ತು ಸಲ ಎದ್ದು ಕೂತು, ತಂಬಿಗೆ ತುಂಬ ನೀರು ಕುಡಿದಳು.

ಹನ್ನೊಂದಕ್ಕೆ ಜೀಪು ಬಂತು. ಇಂಜಿನಿಯರ್ ಚಿಕ್ಕ ವಯಸ್ಸಿನವನು, ಮರಾಠಿಯವನು, ಕನ್ನಡ ಅರ್ಥವಾಗುತ್ತದೆ ಆದರೆ ಮಾತಾಡಲು ಬರುವುದಿಲ್ಲ ಎಂದ. ಹಿಡಿಕೆಯನ್ನು ಎರಡು ಕೈಯಿಂದ ಜಗ್ಗಿದ, ಪಕ್ಕಕ್ಕೆ ತಿರುಚಿದ, ಕಾಲು ಗೋಡೆಗೆ ಕೊಟ್ಟು ಎಳೆದ. ಹಿಡಿಕೆ ಮಿಸುಕಲಿಲ್ಲ. ಅಕ್ಕವ್ವ ಮಹಾಂತನನ್ನು ಕರೆದಳು. ತೊಂಬತ್ತು ಕಿಲೋದ ಆಳು, ಊರ ಮುಂದೆ ಇಲ್ಲವೆನ್ನಲೂ ಆಗದೆ ಹಿಡಿಕೆಗೆ ಕೈಕೊಟ್ಟು ಮೊಳಕಾಲು ಮಡಚಿ ಜೋತುಬಿದ್ದ. ಬಾಗಿಲಲ್ಲಿ ಕೂಡಿದ್ದ ಹೆಂಗಸರು ಒಂದರಿಂದ ಎಣಿಸತೊಡಗಿದರು. ಇಪ್ಪತ್ತಕ್ಕೆ ಅವನ ಕೈ ಸೋತಿತು, ಗೋಡೆ ಸೋಲಲಿಲ್ಲ.

ಶಂಕರೆಪ್ಪ ಕೆಮ್ಮಿದ. ಹಿಡಿಕೆ ಗಟ್ಟಿ ಇದೆ, ಒಪ್ಪಿದೆ, ಆದರೆ ನೋಟಿಸು ಹಿಡಿಕೆಗೆ ಕೊಟ್ಟದ್ದಲ್ಲ, ಗೋಡೆಗೆ ಕೊಟ್ಟದ್ದು, ಎಂದ. ಕೊಟ್ಟ ಮಾತಿನಿಂದ ಅವನು ಜಾರುವುದನ್ನು ಎಲ್ಲರೂ ನೋಡಿದರು. ಇಂಜಿನಿಯರ್ ಪ್ರಾಮಾಣಿಕ ಹುಡುಗ. ಅತ್ತಿತ್ತ ನಾಲ್ಕು ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿದ. ಮೂರು ಕಡೆ ಹಿಟ್ಟು ಉದುರಿತು. ಬಾಯಿಯವರೇ, ಗೋಡೆ ದುರಸ್ತಿ ಮಾಡದೆ ಇದನ್ನು ಸುರಕ್ಷಿತ ಎಂದು ಬರೆಯಲು ನನಗೆ ಬರುವುದಿಲ್ಲ, ಎಂದು ಮರಾಠಿಯಲ್ಲಿ ಹೇಳಿ ಫೈಲು ಬಿಚ್ಚಿದ. ಬಾಗಿಲಲ್ಲಿ ಗದ್ದಲವಾಯಿತು. ಇಂದ್ರಾಬಾಯಿ ಸರಪಂಚನ ಮನೆತನದ ಸುದ್ದಿ ಎತ್ತಿದಳು.

ಅಕ್ಕವ್ವ ಹಿಡಿಕೆ ಹಿಡಿದು ಎದ್ದಳು.

“ಖರೇ ಬರೀರಿ ಸಾಹೇಬ್ರ, ನಾ ಬ್ಯಾಡನ್ನಂಗಿಲ್ಲ. ಆದ್ರ ಗ್ವಾಡಿಗೆ ಎರಡ ಮಗ್ಗಲ ಅದಾವ. ಈ ಕಡಿ ನಾ ಇದ್ದೀನಿ. ಆ ಕಡಿ ಯಾರ ಕುರ್ಚಿ ಅದ, ಒಂದಿಷ್ಟ ನೋಡಿ ಬರೂಣು ಬರ್ರಿ.”

ಕೋಲು ಊರಿ ಅವಳೇ ಮುಂದೆ ನಡೆದಳು. ಆಫೀಸಿನ ಒಳಗೆ ಅದೇ ಗೋಡೆಯ ಆ ಮಗ್ಗುಲಿಗೆ ಸಾಗವಾನಿ ಚೌಕಟ್ಟಿನ ದೊಡ್ಡ ಫಲಕವಿತ್ತು. ಇಲ್ಲಿಯತನಕದ ಸರಪಂಚರ ಹೆಸರುಗಳನ್ನೆಲ್ಲ ಬಣ್ಣದಲ್ಲಿ ಬರೆಸಿದ್ದು, ಕೊನೆಯ ಹೆಸರು ಶಂಕರೆಪ್ಪನದು. ಫಲಕ ನೇರವಾಗಿ ಅವನ ಕುರ್ಚಿಯ ತಲೆಯ ಮೇಲೆ ತೂಗುತ್ತಿತ್ತು. ಅದನ್ನು ಕೂರಿಸಿದವನೂ ಮಹಾಂತನೇ. ಅಕ್ಕವ್ವ ಫಲಕದ ಮೂಲೆಯ ಸ್ಕ್ರೂವನ್ನು ಕೋಲಿನಿಂದ ತೋರಿಸಿದಳು. ಇಂಜಿನಿಯರ್ ಪಕ್ಕದ ಕುರ್ಚಿ ಹತ್ತಿ ಸ್ಕ್ರೂವಿಗೆ ಬರೀ ಎರಡು ಬೆರಳು ಹಚ್ಚಿದ. ಅದು ಸ್ಕ್ರೂಡ್ರೈವರ್ ಕೇಳದೆ ಬಂದುಬಿಟ್ಟಿತು, ತನ್ನ ಪ್ಲಾಸ್ಟಿಕ್ ಗಿಟ್ಟಿ ಸಮೇತ. ಫಲಕ ಒಂದು ಕಡೆ ವಾಲಿ, ಉಳಿದ ಸ್ಕ್ರೂಗಳನ್ನೂ ಕಿತ್ತುಕೊಂಡು, ಒಂದು ಬುಟ್ಟಿ ಹಿಟ್ಟಿನ ಜೊತೆ ನೆಲಕ್ಕೆ ಬಂತು. ಶಂಕರೆಪ್ಪನ ಟೇಬಲ್ಲು, ರಾಜಕುಮಾರನ ದಫ್ತರು, ಇಬ್ಬರ ತಲೆ ಎಲ್ಲ ಬೆಳ್ಳಗಾದವು.

ಒಬ್ಬರೂ ನಗಲಿಲ್ಲ. ನಗುವ ಹೊತ್ತು ಅದಲ್ಲವೆಂದು ಹೆಂಗಸರಿಗೆ ಗೊತ್ತಿತ್ತು.

ಇಂಜಿನಿಯರ್ ಕುರ್ಚಿ ಇಳಿದು ಬಟ್ಟೆ ಝಾಡಿಸಿಕೊಂಡ. ಗೋಡೆ ಒಂದೇ, ಹಾಗಾಗಿ ವರದಿಯೂ ಒಂದೇ, ಎಂದ. ಈಚೆ ಕೋಣೆ ಖಾಲಿ ಮಾಡಿಸಬೇಕಾದರೆ ಆಫೀಸನ್ನೂ ಖಾಲಿ ಮಾಡಿಸಬೇಕು. ಆಫೀಸು ನಡೆಯಬಹುದಾದರೆ ಹೊಲಿಗೆಯೂ ನಡೆಯಬಹುದು. ಯಾವುದು ಬರೆಯಲಿ ಎಂದು ಸರಪಂಚನನ್ನೇ ಕೇಳಿದ. ಶಂಕರೆಪ್ಪ ಹಣೆಯ ಮೇಲಿನ ಮಣ್ಣು ಒರೆಸಿಕೊಂಡು, ಹಾಗೆ ನೋಡಿದರೆ ಗೋಡೆಗೆ ಅಂಥದ್ದೇನೂ ಆಗಿಲ್ಲ, ಎಂದ. ಇಂಜಿನಿಯರ್ ಬರೆದ: ಎರಡೂ ಮಗ್ಗುಲಿನ ಸಡಿಲ ಗಿಲಾವು ತೆಗೆದು ದುರಸ್ತಿ ಮಾಡತಕ್ಕದ್ದು, ಖಾಲಿ ಮಾಡುವ ಅಗತ್ಯವಿಲ್ಲ.

ಜೀಪು ಹೋಯಿತು. ಅಕ್ಕವ್ವ ಹೋಗಲಿಲ್ಲ. ನೋಟಿಸು ವಾಪಸು ಪಡೆದ ಕಾಗದ ಬೇಕು ಎಂದಳು. ಆಮೇಲೆ ಕಳಿಸುತ್ತೇವೆ ಎಂದ ರಾಜಕುಮಾರ. ಅವಳು ಆಫೀಸಿನ ಬಾಗಿಲಿಗೆ ಅಡ್ಡ, ನೆಲದ ಮೇಲೆ ಕೂತುಬಿಟ್ಟಳು. ಎಬ್ಬಿಸಬೇಕಾದರೆ ಎತ್ತಬೇಕು, ಎತ್ತಲು ಕೈ ಹಚ್ಚುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಹದಿನೈದು ನಿಮಿಷದಲ್ಲಿ ಕಾಗದ ತಯಾರಾಯಿತು.

ಓದಿದಳು. ಅಂಗವಿಕಲ ಮಹಿಳೆಯೆಂದು ಮಾನವೀಯ ದೃಷ್ಟಿಯಿಂದ ನೋಟಿಸು ರದ್ದು ಮಾಡಲಾಗಿದೆ, ಎಂದಿತ್ತು. ಕಾಗದವನ್ನು ರಾಜಕುಮಾರನ ಮುಂದೆ ಹಿಡಿದು ಆ ಸಾಲಿನ ಮೇಲೆ ಬೆರಳಿಟ್ಟಳು.

“ಇದನ್ನ ಹೊಡದ ಹಾಕ್ರಿ ಭಾವುಸಾಹೇಬ.”

“ಇರ್ಲಿ ಬಿಡ್ರಿ ಅಕ್ಕವ್ವಾರ, ಒಳ್ಳೇ ಮಾತ ಅದ. ನಿಮಗ ಕೋಣಿ ಉಳೀತಲ್ಲ?”

“ನೀವು ನನಗ ಕರುಣಾ ತೋರ್ಸಿದ್ರೇನು? ನಿಮ್ಮ ನೋಟಿಸು ಸುಳ್ಳಿತ್ತು, ಅದಕ್ಕ ರದ್ದಾತು. ಕರುಣಾ ಅಂತ ಬರದ್ರ ಮುಂದಿನ ವರ್ಷ ಕರುಣಾ ತೀರ್ತದ, ಮತ್ತ ನೋಟಿಸು ಬರ್ತದ. ಹೊಡದ ಹಾಕ್ರಿ.”

ರಾಜಕುಮಾರ ಸರಪಂಚನ ಮುಖ ನೋಡಿದ. ಸರಪಂಚ ಕಿಟಕಿ ನೋಡಿದ. ರಾಜಕುಮಾರ ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಮತ್ತೊಮ್ಮೆ ಶಿಕ್ಕೆ ಒತ್ತಿದ. ಗೋಡೆಯ ಬಗ್ಗೆ ಇಂಜಿನಿಯರ್ ಕೊಟ್ಟ ವರದಿಯ ಪ್ರಕಾರ ಎಂದು ಮೇಲೆ ಬರೆಸಿದ ಮೇಲೆಯೇ ಅಕ್ಕವ್ವ ಕಾಗದ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಏಳಲು ಟೇಬಲ್ಲಿನ ಕಾಲು ಹಿಡಿದಳು. ಅದು ಅಲ್ಲಾಡಿತು. ಬಿಟ್ಟು, ಬಾಗಿಲ ಹೊಸ್ತಿಲ ಕಲ್ಲಿಗೆ ಕೈಕೊಟ್ಟು, ಕೋಲಿಗೆ ಇನ್ನೊಂದು ಕೈ ಕೊಟ್ಟು, ಎರಡು ಸಲ ಜಾರಿ, ಮೂರನೆಯ ಸಲಕ್ಕೆ ನಿಂತಳು. ಎಲ್ಲರೂ ನೋಡುತ್ತಲೇ ಇದ್ದರು. ನೋಡಲಿ ಎಂದೇ ಅವಳು ಅವಸರ ಮಾಡಲಿಲ್ಲ.

ನೆಲಕ್ಕೆ ಬಿದ್ದ ಫಲಕವನ್ನು ಕೋಲಿನಿಂದ ಒಂದಿಷ್ಟು ಸರಿಸಿ ದಾರಿ ಮಾಡಿಕೊಂಡು ಹೊರಟವಳನ್ನು ಶಂಕರೆಪ್ಪ ಕರೆದ. ಇದನ್ನೂ ನಿನ್ನ ಆ ಗಿಟ್ಟಿ ಹಾಕಿ ಕೂರಿಸಿ ಕೊಡಬಹುದೇ ಎಂದು ಕೇಳಿದ.

ಅಕ್ಕವ್ವ ಗೋಡೆ ನೋಡಿದಳು, ಫಲಕದ ತೂಕ ಅಂದಾಜು ಮಾಡಿದಳು, ಮಹಾಂತನನ್ನು ನೋಡಿದಳು.

“ನಾಕ ಗಿಟ್ಟಿ ಬೇಕಾಗ್ತಾವ. ಒಣ ಜಾಲಿ ನೀವ ಹುಡಕ್ರಿ. ಐದ ದಿನ ದಿನಕ್ಕ ಮೂರ ಸಲ ನೀರ ಹಾಕ್ಬೇಕು. ಅದು ಮಹಾಂತನ ಕೆಲಸ.”

ಇಷ್ಟು ಹೇಳಿ ತನ್ನ ಕೋಣೆಗೆ ಹೋದಳು. ಇಂದ್ರಾಬಾಯಿಯ ಕುಪ್ಪಸದ ಹೊಲಿಗೆ ಬಿಚ್ಚುವುದು ಹತ್ತು ದಿನದಿಂದ ಹಾಗೇ ಬಿದ್ದಿತ್ತು.